ಸಂಪಾದಕರ ಉತ್ತರ: ಹಳೆಯ ಸ್ಕ್ಯಾನರ್, ಹೊಸ ಸಾಂಬಾ

ಸಾಂಬಾ (ವಿಂಡೋಸ್ ರೀತಿಯ ಫೈಲ್ ಹಂಚಿಕೆಯನ್ನು ಲಿನಕ್ಸ್‌ನಂಥ ಯಂತ್ರಗಳಲ್ಲಿ ಒದಗಿಸುವ ಸಾಫ್ಟ್‌ವೇರ್) ಸರ್ವರನ್ನು ಹೊಸ ಆವೃತ್ತಿಗೆ ಏರಿಸಿದ ಮೇಲೆ ಕಚೇರಿಯ ಸ್ಕ್ಯಾನರ್ ಶೇರ್ ಫೋಲ್ಡರಿಗೆ ಫೈಲ್ ಕಳಿಸುತ್ತಿಲ್ಲ ಎಂದು ಬರೆದಿದ್ದೀರಿ. ‘ಸರ್ವರ್ ಮಿನ್ ಪ್ರೋಟೊಕಾಲ್’ ಸಾಲಿಗೆ ‘ಎನ್‌ಟಿ1’ ಹಾಕಿಬಿಡಿ ಎಂದು ಯಾರೋ ಹೇಳಿದ್ದಾರೆ. ಅಂದರೆ ಫೈಲ್ ಹಂಚಿಕೆಗೆ ಯಂತ್ರಗಳು ಮಾತಾಡುವ ಎಸ್‌ಎಂಬಿ ಪ್ರೋಟೊಕಾಲಿನ ಹಳೆಯ, ಅಸುರಕ್ಷಿತ ಆವೃತ್ತಿಯಾದ ಎಸ್‌ಎಂಬಿ1ಕ್ಕೂ ಬಾಗಿಲು ತೆರೆಯುವುದು. ಮೈಕ್ರೋಸಾಫ್ಟ್ ಬಿಡುಗಡೆ ಮಾಡಿರುವ ಪ್ರೋಟೊಕಾಲ್ ದಾಖಲೆಗಳಿಂದ ನಮ್ಮಂಥವರಿಗೇನು ಉಪಯೋಗ ಎಂದೂ ಕೇಳಿದ್ದೀರಿ.

ಉಪಯೋಗ ಇಲ್ಲೇ ಇದೆ. ಸರ್ವರಿನಲ್ಲಿ ನೆಟ್‌ವರ್ಕ್ ಸಂಚಾರ ದಾಖಲಿಸುವ ಟಿಸಿಪಿಡಂಪ್ ಓಡಿಸಿ ಎಸ್‌ಎಂಬಿ ಬಳಸುವ 445 ಮತ್ತು 139ನೇ ಪೋರ್ಟುಗಳ ಪ್ಯಾಕೆಟ್ ಹಿಡಿಯಿರಿ, ಒಂದು ಹಾಳೆ ಸ್ಕ್ಯಾನ್ ಮಾಡಿ, ಸಿಕ್ಕ ಫೈಲನ್ನು ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕಿನಲ್ಲಿ ತೆರೆಯಿರಿ. ಮೊದಲ ಎಸ್‌ಎಂಬಿ ಸಂದೇಶ ‘ಎಫ್‌ಇ 53 4ಡಿ 42’ ಎಂದು ಶುರುವಾದರೆ ಎಸ್‌ಎಂಬಿ2. ‘ಎಫ್‌ಎಫ್ 53 4ಡಿ 42’ ಆದರೆ ಎಸ್‌ಎಂಬಿ1ರ ರೂಪ. ಬಹಳ ಮಂದಿ ಎಡವುವುದು ಇಲ್ಲೇ. ಎಸ್‌ಎಂಬಿ2 ಬಲ್ಲ ಯಂತ್ರವೂ ಮೊದಲ ಸಂದೇಶವನ್ನು ಹಳೆಯ ರೂಪದಲ್ಲಿ ಕಳಿಸಬಹುದೆಂದು ಮೈಕ್ರೋಸಾಫ್ಟ್‌ನ ದಾಖಲೆ ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ಆ ಸಂದೇಶದೊಳಗಿನ ಡಯಲೆಕ್ಟ್ ಪಟ್ಟಿ (ಸ್ಕ್ಯಾನರ್ ತನಗೆ ಬರುತ್ತದೆ ಎನ್ನುವ ಆವೃತ್ತಿಗಳ ಪಟ್ಟಿ) ನೋಡಿ. ‘ಎಸ್‌ಎಂಬಿ 2.002’ ಅಥವಾ ‘ಎಸ್‌ಎಂಬಿ 2.???’ ಇದ್ದರೆ ಸ್ಕ್ಯಾನರಿಗೆ ಎಸ್‌ಎಂಬಿ2 ಬರುತ್ತದೆ. ಪಟ್ಟಿ ‘ಎನ್‌ಟಿ ಎಲ್‌ಎಂ 0.12’ಕ್ಕೇ ಮುಗಿದಿದ್ದರೆ ಅದಕ್ಕೆ ಗೊತ್ತಿರುವುದು ಎಸ್‌ಎಂಬಿ1 ಮಾತ್ರ. 2019ರ ಸಾಂಬಾ 4.11ರಿಂದ ಡಿಫಾಲ್ಟ್ ಆಗಿ ಅದಕ್ಕೆ ಪ್ರವೇಶವಿಲ್ಲ.

ಎಸ್‌ಎಂಬಿ2ರಲ್ಲೇ ಮಾತು ಶುರುವಾಗಿ ಲಾಗಿನ್ ಹಂತದಲ್ಲಿ ಕೆಟ್ಟರೆ ಸಮಸ್ಯೆಯೇ ಬೇರೆ. ಪಾಸ್‌ವರ್ಡ್ ಗೊತ್ತಿದೆ ಎಂದು ಸಾಬೀತುಪಡಿಸಲು ಸ್ಕ್ಯಾನರ್ ಕಳಿಸುವ ಎನ್‌ಟಿಎಲ್‌ಎಂ ಉತ್ತರದ ಉದ್ದ ನೋಡಿ. ಸರಿಯಾಗಿ 24 ಬೈಟ್ ಇದ್ದರೆ ಸ್ಕ್ಯಾನರ್ ಹಳೆಯ ಎನ್‌ಟಿಎಲ್‌ಎಂವಿ1 ಕಳಿಸುತ್ತಿದೆ, ಸಾಂಬಾ ಒಪ್ಪುತ್ತಿಲ್ಲ. ಅಂಥಲ್ಲಿ ‘ಎನ್‌ಟಿ1’ ಸಾಲು ಹಾಕಿದರೆ ಲಾಗಿನ್ ಸರಿಹೋಗುವುದಿಲ್ಲ, ಸುರಕ್ಷತೆ ಮಾತ್ರ ಹೋಗುತ್ತದೆ.

ಇಷ್ಟು ಖಚಿತವಾಗಿ ಹೇಳಲು ಒಂದು ಕಾಲಕ್ಕೆ ಆಗುತ್ತಿರಲಿಲ್ಲ. 1992ರಲ್ಲಿ ಆಸ್ಟ್ರೇಲಿಯಾದಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಆರಂಭಿಸಿದ ಸಾಂಬಾ ಬೆಳೆದದ್ದು ಹೆಚ್ಚಾಗಿ ಪ್ಯಾಕೆಟ್‌ಗಳನ್ನು ನೋಡಿ ಊಹಿಸಿಯೇ. ಪ್ರೋಟೊಕಾಲಿನ ಮಾಹಿತಿ ಕೊಡಬೇಕೆಂದು ಯುರೋಪಿಯನ್ ಕಮಿಷನ್ 2004ರಲ್ಲಿ ಮೈಕ್ರೋಸಾಫ್ಟ್‌ಗೆ ಆದೇಶಿಸಿತು. 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಡಿಸೆಂಬರಿನಲ್ಲಿ 10,000 ಯೂರೋ ಕಟ್ಟಿದ ಮೇಲೆ ಸಾಂಬಾದವರಿಗೆ ದಾಖಲೆ ದಕ್ಕಿತು. 2008ರಿಂದ ಅದು ಎಲ್ಲರಿಗೂ ಉಚಿತ. ಅಷ್ಟು ಹೋರಾಡಿ ಪಡೆದದ್ದನ್ನು ತೆರೆಯದೆ ಸಾಲು ತಿದ್ದುವುದು ನಮಗೆ ಸರಿಕಾಣದು.

ನಿಮ್ಮ ಯಂತ್ರ ನಿಜಕ್ಕೂ ಎಸ್‌ಎಂಬಿ1ರದ್ದೇ ಆಗಿದ್ದರೆ ಮೊದಲು ಅದರ ಫರ್ಮ್‌ವೇರ್ ಅಪ್‌ಡೇಟ್ ಹುಡುಕಿ. ಸಿಗದಿದ್ದರೆ ಸ್ಕ್ಯಾನನ್ನು ಇಮೇಲ್‌ಗೆ ತಿರುಗಿಸಿ. ‘ಮಿನ್ ಪ್ರೋಟೊಕಾಲ್’ ಇಡೀ ಸರ್ವರಿಗೆ ಅನ್ವಯಿಸುತ್ತದೆ, ಒಂದೇ ಶೇರ್‌ಗೆಂದು ಸಡಿಲಿಸಲು ಬರುವುದಿಲ್ಲ. ಎಸ್‌ಎಂಬಿ1ಕ್ಕೆ ಅವಕಾಶ ಕೊಡಲೇಬೇಕಾದರೆ ಬೇರೆಯದೇ ಸಣ್ಣ ಯಂತ್ರದಲ್ಲಿ, ಸ್ಕ್ಯಾನರಿನ ಐಪಿಯನ್ನಷ್ಟೇ ಒಳಬಿಡುವ ಫೈರ್‌ವಾಲ್ ಹಿಂದೆ ಇಡಿ, ಅಲ್ಲಿ ಬೇರೆ ಯಾವ ಫೈಲೂ ಇರದಿರಲಿ.