ಹ್ಯಾಮರ್‌ಸ್ಮಿತ್ ದೆವ್ವ: ಗುಂಡು ಹೊಡೆದವನಿಗೆ ಗಲ್ಲಾಯಿತೇ?

ಇಲ್ಲ, ದೆವ್ವ ಅಂದುಕೊಂಡು ಒಬ್ಬ ಮನುಷ್ಯನನ್ನೇ ಗುಂಡಿಟ್ಟು ಕೊಂದ ಫ್ರಾನ್ಸಿಸ್ ಸ್ಮಿತ್‌ಗೆ ಗಲ್ಲಾಗಲಿಲ್ಲ. ಆದರೆ "ದೆವ್ವ ಅಂದುಕೊಂಡು ಹೊಡೆದದ್ದು ಕೊಲೆ ಹೇಗಾಗುತ್ತೆ?" ಅಂತ ಯಾರಿಗಾದರೂ ಅನ್ನಿಸುತ್ತಲ್ಲ, ಅಲ್ಲೇ ಇರೋದು ವಿಷಯ.

1803ರ ಕೊನೆಯಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ಹ್ಯಾಮರ್‌ಸ್ಮಿತ್‌ನಲ್ಲಿ ಬಿಳಿ ದೆವ್ವದ ಸುದ್ದಿ ಹಬ್ಬಿ, ಜನ ರಾತ್ರಿ ಗಸ್ತು ತಿರುಗತೊಡಗಿದರು. ಸತ್ತ ಥಾಮಸ್ ಮಿಲ್‌ವುಡ್ ಗಾರೆ ಕೆಲಸದವನು. ಆ ಕಸುಬಿನವರ ಉಡುಪೇ ಬಿಳಿ: ಲಿನನ್ ಪ್ಯಾಂಟು, ಫ್ಲಾನೆಲ್ ವೇಸ್ಟ್‌ಕೋಟು, ಏಪ್ರನ್. ಅದಕ್ಕೂ ಮೊದಲೇ ಒಮ್ಮೆ ಜನ ಅವನನ್ನು ಕಂಡು ಬೆದರಿದ್ದರು. ಮೇಲೊಂದು ದೊಡ್ಡ ಕೋಟು ಹಾಕಿಕೋ ಅಂತ ಅತ್ತೆ ಹೇಳಿಯೂ ಇದ್ದಳು. ಕೇಳಲಿಲ್ಲ. 1804ರ ಜನವರಿ 3ರ ರಾತ್ರಿ ಬ್ಲ್ಯಾಕ್ ಲಯನ್ ಲೇನಿನಲ್ಲಿ ಅಬಕಾರಿ ಅಧಿಕಾರಿ ಫ್ರಾನ್ಸಿಸ್ ಸ್ಮಿತ್ ಕೂಗಿ ಕೇಳಿದ, ಉತ್ತರ ಬರಲಿಲ್ಲ, ಹೊಡೆದ. ಗುಂಡು ಎಡ ದವಡೆಗೆ.

ಹತ್ತೇ ದಿನಕ್ಕೆ ಲಂಡನ್ನಿನ ಕ್ರಿಮಿನಲ್ ನ್ಯಾಯಾಲಯವಾದ ಓಲ್ಡ್ ಬೇಲಿಯಲ್ಲಿ ವಿಚಾರಣೆ. ಜೂರಿ ಮೊದಲು ಕೊಟ್ಟದ್ದು ಕೊಲೆಯಲ್ಲದ ನರಹತ್ಯೆ ಎಂಬ ತೀರ್ಪು. ನ್ಯಾಯಾಧೀಶರು ಅದನ್ನು ಒಪ್ಪಲಿಲ್ಲ. ಯಾರೋ ವೇಷ ಹಾಕಿ ಹೆದರಿಸಿದ್ದರೂ ಅದು ಸಣ್ಣ ಅಪರಾಧ, ಅದಕ್ಕೆ ಗುಂಡು ಹೊಡೆಯುವ ಹಕ್ಕಿಲ್ಲ. ಹಾಗಾಗಿ ಕೊಲೆ ಅನ್ನಿ, ಇಲ್ಲಾ ಬಿಟ್ಟುಬಿಡಿ ಎಂದರು. ಜೂರಿ ಕೊಲೆ ಎಂದಿತು. ಮರಣದಂಡನೆ ಆಮೇಲೆ ಒಂದು ವರ್ಷದ ಕಠಿಣ ಶಿಕ್ಷೆಗೆ ಇಳಿಯಿತು.

ಪ್ರಾಮಾಣಿಕ ತಪ್ಪು ಗ್ರಹಿಕೆ ರಕ್ಷಣೆಯಾಗುತ್ತದೆಯೇ ಎಂಬ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ಆಗುತ್ತದೆ ಎಂಬ ಸ್ಪಷ್ಟ ಉತ್ತರ ಸಿಕ್ಕಿದ್ದು 1983ರಲ್ಲಿ, ವಿಲಿಯಮ್ಸ್ ಎಂಬವನ ಪ್ರಕರಣದಲ್ಲಿ. 2024ರವರೆಗೆ ನಮ್ಮಲ್ಲಿ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ (ಐಪಿಸಿ) 79ನೇ ಕಲಮು ಅದನ್ನು 1860ರಲ್ಲೇ ಹೇಳಿತ್ತು, ಸದ್ಭಾವನೆ, ಅಂದರೆ ಸಾಕಷ್ಟು ಎಚ್ಚರ ವಹಿಸಿ ನಂಬಿದ್ದು, ಇದ್ದರೆ ಎಂಬ ಷರತ್ತಿನೊಂದಿಗೆ.

ಅಂದಹಾಗೆ, ಬೆಡ್‌ಶೀಟ್ ಹೊದ್ದು ಓಡಾಡುತ್ತಿದ್ದದ್ದು ತಾನು ಅಂತ ಆಮೇಲೆ ಒಪ್ಪಿಕೊಂಡವನು ಜಾನ್ ಗ್ರಹಾಂ ಎಂಬ ವಯಸ್ಸಾದ ಚಪ್ಪಲಿ ಹೊಲಿಯುವವನು. ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಗ್ರಹಾಂನ ಮಕ್ಕಳಿಗೆ ದೆವ್ವದ ಕತೆ ಹೇಳಿ ಹೆದರಿಸುತ್ತಿದ್ದನಂತೆ, ಆ ಹುಡುಗನಿಗೆ ಬುದ್ಧಿ ಕಲಿಸೋಕೆ ಹಾಗೆ ಮಾಡಿದ್ದು.