ಅಲೋಪೀಸಿಯಾ ಏರಿಯೇಟಾಗೆ ಕೊಲೆಸ್ಟ್ರಾಲ್ ಮಾತ್ರೆ ಕೆಲಸ ಮಾಡುತ್ತದೆಯೇ?

ಭರವಸೆ ಇಡುವಷ್ಟು ಪುರಾವೆ ಇಲ್ಲ.

ಹುಳ ತಿಂದಂತೆ ದುಂಡಗೆ ಕೂದಲು ಉದುರುವ ಈ ಕಾಯಿಲೆಯಲ್ಲಿ ರೋಗನಿರೋಧಕ ಕಣಗಳು ಕೂದಲ ಬುಡದ ಮೇಲೇ ದಾಳಿ ಮಾಡುತ್ತವೆ. ಸ್ಟ್ಯಾಟಿನ್‌ಗಳು ಕೊಲೆಸ್ಟ್ರಾಲ್ ಇಳಿಸುವುದರ ಜೊತೆಗೆ ಉರಿಯೂತವನ್ನೂ ತುಸು ತಗ್ಗಿಸುತ್ತವೆ. ಆಸೆ ಹುಟ್ಟಿದ್ದು ಅಲ್ಲಿಂದ. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ದಿನಕ್ಕೆ ಸಿಮ್ವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ 40 ಮಿ.ಗ್ರಾಂ, ಎಜೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಮದ್ದು 10 ಮಿ.ಗ್ರಾಂನಂತೆ 24 ವಾರ ಕೊಟ್ಟರು. ಸೇರಿದ 29 ಜನರಲ್ಲಿ ಕೊನೆವರೆಗೆ ಉಳಿದವರು 19. ಅವರಲ್ಲಿ 14 ಮಂದಿಗೆ ಒಂದಿಷ್ಟು ಕೂದಲು ಬಂತು. ಆದರೆ ಹೋಲಿಕೆಗೆ ಹುಸಿಮಾತ್ರೆಯ ಗುಂಪೇ ಇರಲಿಲ್ಲ. ಈ ಕಾಯಿಲೆಯಲ್ಲಿ ಕೂದಲು ತಾನಾಗಿಯೇ ಮರಳುವುದೂ ಉಂಟಲ್ಲ! ನಂತರ ಬೇರೆಯವರು ಪ್ರಯತ್ನಿಸಿದಾಗ ಫಲಿತಾಂಶ ನಿರಾಶಾದಾಯಕವಾಗಿತ್ತು.

ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ. ಬಿಪಿಗೆ ಆಮ್ಲೋಡಿಪಿನ್ ತೆಗೆದುಕೊಳ್ಳುವವರಿಗೆ ಸಿಮ್ವಾಸ್ಟ್ಯಾಟಿನ್ ಮಿತಿ ದಿನಕ್ಕೆ 20 ಮಿ.ಗ್ರಾಂ. ಇದೇ ಕಾಯಿಲೆಗೆ ಕೆಲವೊಮ್ಮೆ ಬರೆಯುವ ಸೈಕ್ಲೋಸ್ಪೋರಿನ್, ಫಂಗಸ್‌ಗೆ ಕೊಡುವ ಇಟ್ರಾಕೊನಜೋಲ್ ಜೊತೆಗಂತೂ ಕೂಡದು: ರಕ್ತದಲ್ಲಿ ಸ್ಟ್ಯಾಟಿನ್ ಮಟ್ಟ ಏರಿ, ಸ್ನಾಯು ಹಾಳಾಗಿ, ಕಿಡ್ನಿಗೂ ಪೆಟ್ಟು ಬೀಳಬಹುದು. ಮೈಕೈ ನೋವಿನೊಂದಿಗೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ, ಅಂದೇ ಡಾಕ್ಟರನ್ನು ಕಾಣಿ. ಗರ್ಭಿಣಿಯರಿಗೆ ಬೇಡ.

ಒಂದೆರಡು ಕಡೆ ಮಾತ್ರ ದುಂಡಗೆ ಬೋಳಾಗಿದ್ದರೆ ಚರ್ಮದೊಳಗೆ 4ರಿಂದ 6 ವಾರಕ್ಕೊಮ್ಮೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನೇ ವಾಸಿ. ತಲೆಯ ಅರ್ಧಕ್ಕಿಂತ ಹೆಚ್ಚು ಬೋಳಾಗಿದ್ದರೆ ಬ್ಯಾರಿಸಿಟಿನಿಬ್‌ನಂಥ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಜಾಕ್ (JAK) ತಡೆಮದ್ದುಗಳ ಬಗ್ಗೆ ಚರ್ಮವೈದ್ಯರನ್ನು ಕೇಳಿ. ಅವನ್ನು ಶುರುಮಾಡುವ ಮೊದಲು ಟಿಬಿ ಪರೀಕ್ಷೆ ಆಗಬೇಕು.