ವಿಕ್ಟೋರಿಯಾ ಎಂಬ ಹೆಸರು ಇಷ್ಟೊಂದು ಕಡೆ ಯಾಕಿದೆ? ಎಲ್ಲವೂ ರಾಣಿಯದ್ದೇನಾ?

ಜಾಸ್ತಿ ಪಾಲು ರಾಣಿಯದ್ದೇ, ಆದರೆ ಎಲ್ಲವೂ ಅಲ್ಲ. ಲ್ಯಾಟಿನ್‌ನಲ್ಲಿ ವಿಕ್ಟೋರಿಯಾ ಅಂದರೆ ಗೆಲುವು. ರೋಮನ್ನರ ಗೆಲುವಿನ ದೇವತೆಯ ಹೆಸರೂ ಅದೇ. ನಮ್ಮಲ್ಲಿ ಜಯಾ, ವಿಜಯಾ ಇದ್ದ ಹಾಗೆ.

1519ರಲ್ಲಿ ಮೆಗೆಲನ್ ಜೊತೆ ಹೊರಟ ಐದು ಹಡಗುಗಳಲ್ಲಿ ಒಂದರ ಹೆಸರು ವಿಕ್ಟೋರಿಯಾ. 1522ರಲ್ಲಿ ಭೂಮಿ ಸುತ್ತಿ ವಾಪಸ್ ಬಂದದ್ದು ಅದೊಂದೇ. ಆಗ ರಾಣಿ ಹುಟ್ಟಿಯೇ ಇರಲಿಲ್ಲ!

ಬ್ರಿಟನ್ನಿನ ರಾಣಿ ಆಳಿದ್ದು 1837ರಿಂದ 1901ರವರೆಗೆ. ಹೆಸರಿನ ಸುರಿಮಳೆ ಶುರುವಾಗಿದ್ದು ಆಗಲೇ. ಆಸ್ಟ್ರೇಲಿಯಾದ ಒಂದು ರಾಜ್ಯ, ಸೇಶೆಲ್ಸ್‌ನ ರಾಜಧಾನಿ, ಆಫ್ರಿಕಾದ ಅತಿ ದೊಡ್ಡ ಸರೋವರ, ಒಂದು ಬಗೆಯ ಕುದುರೆಗಾಡಿ, ಸೈನಿಕರಿಗೆ ಕೊಡುವ ವಿಕ್ಟೋರಿಯಾ ಕ್ರಾಸ್ ಪದಕ. ಆಫ್ರಿಕಾದ ಜಾಂಬೆಜಿ ನದಿಯ ಜಲಪಾತಕ್ಕೂ ಅನ್ವೇಷಕ ಲಿವಿಂಗ್‌ಸ್ಟನ್ 1855ರಲ್ಲಿ ಇದೇ ಹೆಸರಿಟ್ಟ. ಅಲ್ಲಿನ ಜನ ಅದನ್ನು ಕರೆಯುತ್ತಿದ್ದುದು ಮೋಸಿ-ಓವಾ-ತುನ್ಯಾ, ಅಂದರೆ ಗುಡುಗುವ ಹೊಗೆ. ನನಗೆ ಆ ಹೆಸರೇ ಚೆಂದ ಅನಿಸುತ್ತದೆ.

ಅಮೆಜಾನ್‌ನ ದೈತ್ಯ ನೈದಿಲೆಗೂ ರಾಣಿಯದ್ದೇ ಹೆಸರು. ಅದರ ಎಲೆ ಎರಡು ಮೀಟರಿಗಿಂತ ಅಗಲ ಬೆಳೆಯುತ್ತದೆ, ಪುಟ್ಟ ಮಗುವನ್ನು ಹೊರುತ್ತದೆ.

ತಮಾಷೆ ಇರುವುದು ಕ್ಷುದ್ರಗ್ರಹದ ವಿಷಯದಲ್ಲಿ. 1850ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಹಿಂಡ್ ಒಂದನ್ನು ಕಂಡುಹಿಡಿದು ವಿಕ್ಟೋರಿಯಾ ಎಂದ. ಬದುಕಿರುವವರ ಹೆಸರು ಇಡುವುದಾ ಎಂದು ಅಮೆರಿಕದ ಖಗೋಳಜ್ಞರು ತಕರಾರು ತೆಗೆದರು. ಇದು ರೋಮನ್ ದೇವತೆಯ ಹೆಸರು ಎಂಬ ನೆಪ ಇತ್ತಲ್ವಾ, ಹೆಸರು ಉಳಿಯಿತು.